ಬಾಘ್‌ಜಾನ್: ಬೆಂಕಿಗೆ ಮುಂಚಿನ 13 ದಿನ

2020ರ ಮೇ 27, ಬುಧವಾರ. ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಬಾಘ್‌ಜಾನ್ ಊರಿನಲ್ಲಿ ಒಂದು ಸದ್ದು ಶುರುವಾಯಿತು. ವಿಮಾನ ಮೇಲೇರುವಾಗ ಎಂಜಿನ್ ಪಕ್ಕ ನಿಂತರೆ ಹೇಗಿರುತ್ತದೋ ಹಾಗೆ. ಆದರೆ ವಿಮಾನ ಹೋಗಿಬಿಡುತ್ತದೆ. ಈ ಸದ್ದು ಹೋಗಲಿಲ್ಲ. ರಾತ್ರಿಯಾದರೂ ಇತ್ತು, ಬೆಳಗಾದರೂ ಇತ್ತು. ಸರ್ಕಾರಿ ಸ್ವಾಮ್ಯದ ಆಯಿಲ್ ಇಂಡಿಯಾ ಲಿಮಿಟೆಡ್‌ನ 'ಬಾಘ್‌ಜಾನ್-5' ಅನ್ನುವ ಅನಿಲ ಬಾವಿ ಬಾಯಿ ಬಿಟ್ಟಿತ್ತು.

ಈ ಪ್ರಕರಣ ಎಲ್ಲರಿಗೂ ಗೊತ್ತಿರೋದು 'ಬಾಘ್‌ಜಾನ್ ಬೆಂಕಿ' ಅಂತ. ದೊಡ್ಡ ಜ್ವಾಲೆ, ಕಪ್ಪು ಹೊಗೆ, ಮುಂದೆ ಕೊಡೆ ಹಿಡಿದು ನಿಂತ ಜನ. ಇಂಥ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಆದರೆ ಬೆಂಕಿ ಹತ್ತಿದ್ದು ಜೂನ್ 9ಕ್ಕೆ. ಬಾವಿ ಸಿಡಿದ 13 ದಿನ ಆದ ಮೇಲೆ. ಆ ಊರಿನ ಗಾಳಿ, ನೀರು, ಮಣ್ಣು ಕೆಡೋದಕ್ಕೆ ಬೆಂಕಿಯೇನೂ ಬೇಕಾಗಿರಲಿಲ್ಲ. ಕೆಡೋ ಕೆಲಸ ಮೊದಲ ದಿನವೇ ಶುರುವಾಗಿತ್ತು, ಬರಿಗಣ್ಣಿಗೆ ಅಷ್ಟಾಗಿ ಕಾಣದ ಹಾಗೆ. ನನ್ನ ಪ್ರಕಾರ ಈ ಪ್ರಕರಣವನ್ನು ಓದಬೇಕಾದದ್ದು ಅಲ್ಲಿಂದ.

ಊರು ಎಲ್ಲಿದೆ ಅಂತ ಮೊದಲು ನೋಡೋಣ. ಒಂದು ಕಡೆ ಡಿಬ್ರು ನದಿ, ಆಚೆ ಲೋಹಿತ್. ನಡುವೆ ಸುಮಾರು 340 ಚದರ ಕಿಲೋಮೀಟರಿನ ಡಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ. ಅಲ್ಲಿ ಕಾಡಿಗೆ ಸೇರಿಹೋದ ಕುದುರೆಗಳಿವೆ. ಸಾಕಿದ ಕುದುರೆಗಳೇ ಹಿಂದೆ ಯಾವಾಗಲೋ ತಪ್ಪಿಸಿಕೊಂಡು ತಲೆಮಾರುಗಳಿಂದ ಕಾಡು ಬಾಳು ಬಾಳುತ್ತಿರುವಂಥವು. ಬಾವಿಯಿಂದ ಈ ಉದ್ಯಾನಕ್ಕೆ ಹೆಚ್ಚೂಕಮ್ಮಿ ಒಂದು ಕಿಲೋಮೀಟರ್. ಅದಕ್ಕಿಂತ ಹತ್ತಿರ, ಕೂಗಳತೆಯಲ್ಲಿ, ಮಾಗುರಿ-ಮೋಟಾಪುಂಗ್ ಬೀಲ್. ಬೀಲ್ ಅಂದರೆ ಅಲ್ಲಿನವರ ಮಾತಿನಲ್ಲಿ ಜೌಗು ಕೆರೆ. ಮಾಗುರ್ ಅನ್ನೋದು ಒಂದು ಮೀಸೆ ಮೀನಿನ ಹೆಸರು. ಹೆಸರೇ ಹೇಳುವ ಹಾಗೆ ಇದು ಮೀನಿನ ಜಾಗ. ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಇಲ್ಲಿ ಬಂದಿಳಿಯುತ್ತವೆ. ಅವುಗಳ ಹಿಂದೆ ಕ್ಯಾಮೆರಾ ಹೊತ್ತ ಜನ ಬರುತ್ತಾರೆ. ದೋಣಿ ನಡೆಸುವವರಿಗೂ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವವರಿಗೂ ನಾಲ್ಕು ಕಾಸು ಆಗುತ್ತದೆ. ಉಳಿದಂತೆ ಊರಿನವರ ಬದುಕು ಮೀನು, ಹಸು, ಅಡಿಕೆ, ಮನೆ ಹಿಂದಿನ ಸಣ್ಣ ಟೀ ತೋಟ. ಎಲ್ಲವೂ ತೆರೆದ ಗಾಳಿಯಲ್ಲಿ, ತೆರೆದ ನೀರಿನಲ್ಲಿ ಇರುವಂಥವು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಬಾವಿ ಹೊಸದೇನಲ್ಲ. 2006ರಿಂದ ಇದೆ. ಆಳ ಸುಮಾರು 3,870 ಮೀಟರ್. ಕೆಳಗಿನ ಪದರದಲ್ಲಿ ಅನಿಲ ಕಮ್ಮಿಯಾಗುತ್ತಾ ಬಂದಿತ್ತು. ಸ್ವಲ್ಪ ಮೇಲಿನ ಇನ್ನೊಂದು ಪದರದಿಂದ ತೆಗೆಯೋಣ ಅಂತ ದುರಸ್ತಿ ಕೆಲಸ ನಡೆದಿತ್ತು. ಈ ಕಸುಬಿನವರು ಇದಕ್ಕೆ 'ವರ್ಕ್‌ಓವರ್' ಅನ್ನುತ್ತಾರೆ. ಕೆಲಸ ಒಂದು ಗುತ್ತಿಗೆ ಕಂಪನಿಯ ಕೈಲಿತ್ತು.

ವರ್ಕ್‌ಓವರ್ ಮಾಡುವಾಗ ಬಾವಿಯನ್ನು ಮೊದಲು 'ಕಿಲ್' ಮಾಡುತ್ತಾರೆ. ಭಾರದ ಕೆಸರು ದ್ರವ ತುಂಬಿ ಅನಿಲ ಮೇಲೆ ಬರದಂತೆ ಅದುಮುವುದು, ಅಷ್ಟೇ. ಜೊತೆಗೆ ಸಿಮೆಂಟಿನ ಬಿರಡೆ ಹಾಕುತ್ತಾರೆ. ಇಷ್ಟಾದರೂ ನಂಬಿಕೆ ಸಾಲದು ಅಂತ ಬಾವಿಯ ಬಾಯಿಗೆ ಬ್ಲೋಔಟ್ ಪ್ರಿವೆಂಟರ್ ಅನ್ನುವ ದಪ್ಪ ಉಕ್ಕಿನ ಸಾಧನ ಕೂರಿಸಿರುತ್ತಾರೆ. ಬಾಯಲ್ಲಿ ಎಲ್ಲರೂ ಬಿಒಪಿ ಅಂತಲೇ ಕರೆಯೋದು. ಕೆಳಗಿಂದ ಏನಾದರೂ ನುಗ್ಗಿ ಬಂದರೆ ಅದು ಬಾಯಿ ಮುಚ್ಚಿಬಿಡಬೇಕು. ಬಾಘ್‌ಜಾನ್‌ನಲ್ಲಿ ಎಡವಿದ್ದು ಈ ಹಂತದಲ್ಲೇ. ಬಿರಡೆಯ ಸಿಮೆಂಟು ಗಟ್ಟಿಯಾಗಲು ಕೊಡಬೇಕಾದಷ್ಟು ಹೊತ್ತು ಕೊಡದೆ ಬಿಒಪಿ ಬಿಚ್ಚಿದರು ಅನ್ನುವ ಮಾತು ತನಿಖೆಯ ಉದ್ದಕ್ಕೂ ಕೇಳಿಬಂತು. ಪೆಟ್ರೋಲಿಯಂ ಸಚಿವಾಲಯದ ಸಮಿತಿ ಕೂಡ ಯೋಜನೆಯಲ್ಲಿ ಲೋಪ ಇತ್ತು, ಯೋಜನೆಗೂ ಮಾಡಿದ ಕೆಲಸಕ್ಕೂ ತಾಳೆಯಾಗುತ್ತಿರಲಿಲ್ಲ, ನಿಗದಿತ ಕ್ರಮ ಬಿಟ್ಟು ನಡೆದಿದ್ದಾರೆ ಅಂದಿತು. ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ನಮ್ಮಲ್ಲಿ ಗಾದೆ ಇದೆ ಅಲ್ವಾ? ಇಲ್ಲಿ ಬಾವಿಯೇ ಬೆಂಕಿಯ ಮೂಲ.

ಹೊಗೆಯಿಲ್ಲದ ವಿಷ

ಈಗ ಆ 13 ದಿನಗಳಿಗೆ ಬರೋಣ.

ಬಾವಿಯಿಂದ ಬರುತ್ತಿದ್ದದ್ದು ಬರೀ ಅನಿಲ ಅಲ್ಲ. ಅದರೊಳಗೆ 'ಕಂಡೆನ್ಸೇಟ್' ಇರುತ್ತದೆ. ಮೂರು, ಮೂರೂವರೆ ಕಿಲೋಮೀಟರ್ ಆಳದಲ್ಲಿ ಒತ್ತಡವೂ ಜಾಸ್ತಿ, ಬಿಸಿಯೂ ಜಾಸ್ತಿ. ಅಲ್ಲಿ ಆವಿಯಾಗಿ ಇರುವ ಹಗುರ ಎಣ್ಣೆಗಳು ಮೇಲೆ ಬಂದು ತಣ್ಣಗಾದ ಕೂಡಲೇ ಹನಿಯಾಗುತ್ತವೆ. ಬಿಸಿ ಪಾತ್ರೆಯ ಮುಚ್ಚಳದ ಒಳಗೆ ನೀರು ಹನಿಗಟ್ಟುತ್ತದಲ್ಲ, ಅದೇ ಲೆಕ್ಕ. ಇಲ್ಲಿ ಹನಿಗಟ್ಟಿದ್ದು ನೀರಲ್ಲ, ಪೆಟ್ರೋಲಿನ ಜಾತಿಗೆ ಸೇರಿದ ದ್ರವ. ಬೆಂಜೀನ್, ಟಾಲ್ವೀನ್, ಝೈಲೀನ್ ಎಲ್ಲ ಇದರಲ್ಲಿರುತ್ತವೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಅನ್ನೋದು ದಶಕಗಳಿಂದ ಗೊತ್ತಿರುವ ವಿಷಯ. ನಮ್ಮ ದೇಶದ ಗಾಳಿಯ ಮಾನದಂಡದಲ್ಲಿ ಅದಕ್ಕೆ ವರ್ಷದ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮಿತಿ ಅಷ್ಟು ಬಿಗಿ ಇರೋದು ಸುಮ್ನೆ ಅಲ್ಲ.

ಈ ಹನಿಗಳು ಗಾಳಿ ಬೀಸಿದ ಕಡೆಗೆ ಹಾರಿ ಬೀಳುತ್ತಿದ್ದವು. ಬಾಳೆ ಎಲೆಯ ಮೇಲೆ, ಅಡಿಕೆ ಮರದ ಮೇಲೆ, ಟೀ ಚಿಗುರಿನ ಮೇಲೆ, ಹಸು ಮೇಯುವ ಹುಲ್ಲಿನ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ತಗಡಿನ ಮಾಡಿನ ಮೇಲೆ. ಎಲೆಯ ಮೇಲೆ ಬೆರಳು ಎಳೆದರೆ ಜಿಡ್ಡು. ಮೂಸಿದರೆ ಸೀಮೆಎಣ್ಣೆಯಂಥ ವಾಸನೆ. ಅಸ್ಸಾಮಿನಲ್ಲಿ ಆಗ ಮಳೆಗಾಲ ಕಾಲಿಡುವ ಹೊತ್ತು. ಮಳೆ ಬಂದರೆ ಎಲೆ ತೊಳೆದುಹೋಗುತ್ತದೆ, ನಿಜ. ತೊಳೆದದ್ದು ಎಲ್ಲಿಗೆ ಹೋಗುತ್ತದೆ? ಹೊಲಕ್ಕೆ, ಹೊಂಡಕ್ಕೆ, ಬೀಲ್‌ಗೆ.

ಇನ್ನೊಂದು ಸೂಕ್ಷ್ಮ. ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಮೇಲಕ್ಕೇರಿ ಚದುರಿಹೋಗುತ್ತದೆ. ಆದರೆ ಪ್ರೊಪೇನ್, ಬ್ಯೂಟೇನ್, ಕಂಡೆನ್ಸೇಟಿನ ಆವಿ ಇವೆಲ್ಲ ಗಾಳಿಗಿಂತ ಭಾರ. ನೆಲದ ಹತ್ತಿರವೇ ಹರಡುತ್ತವೆ, ತಗ್ಗಿನಲ್ಲಿ ನಿಲ್ಲುತ್ತವೆ. ನೆಲದಲ್ಲಿ ಆಡುವ ಮಕ್ಕಳು, ಚಾಪೆಯ ಮೇಲೆ ಮಲಗುವ ಮುದುಕರು, ಕೊಟ್ಟಿಗೆಯ ಕರು, ಎಲ್ಲರ ಮೂಗು ಇರೋದು ಅದೇ ಎತ್ತರದಲ್ಲಿ. ತಲೆನೋವು, ಕಣ್ಣುರಿ, ವಾಕರಿಕೆ, ಉಸಿರು ಕಟ್ಟಿದ ಹಾಗಾಗೋದು ಇಂಥ ಆವಿಯ ಮಾಮೂಲಿ ಲಕ್ಷಣ. ಬಾಘ್‌ಜಾನ್ ಜನ ಹೇಳಿಕೊಂಡ ತೊಂದರೆಗಳೂ ಇವೇ.

ಒಲೆ ಹಚ್ಚುವ ಹಾಗೂ ಇರಲಿಲ್ಲ. ಗಾಳಿಯಲ್ಲೇ ಇಂಧನ ಇರುವಾಗ ಬೆಂಕಿಕಡ್ಡಿ ಗೀರುವುದು ಯಾರಿಗೆ ಧೈರ್ಯ? ಹತ್ತಿರದ ಮನೆಗಳವರನ್ನು ಶಾಲೆಗಳಲ್ಲಿ ತೆರೆದ ಪರಿಹಾರ ಶಿಬಿರಗಳಿಗೆ ಕಳಿಸಿದರು. ಅದು ಕೊರೊನಾದ ಮೊದಲ ವರ್ಷ, ದೇಶವೇ ಲಾಕ್‌ಡೌನ್‌ನಲ್ಲಿತ್ತು. ಒಬ್ಬರಿಂದ ಒಬ್ಬರು ದೂರ ಇರಿ ಅಂತ ಫೋನ್ ಹಚ್ಚಿದಾಗಲೆಲ್ಲ ಕೇಳಿಸುತ್ತಿದ್ದ ಕಾಲ. ಆ ಹೊತ್ತಿನಲ್ಲಿ ಸಾವಿರಾರು ಜನ ಶಾಲೆಯ ಕೋಣೆಗಳಲ್ಲಿ ಒತ್ತಾಗಿ ಮಲಗಬೇಕಾಯಿತು. ಕೆಟ್ಟ ಗಾಳಿಯಿಂದ ಪಾರಾಗಲು ಇನ್ನೊಂದು ಹೆದರಿಕೆಯ ಗಾಳಿಗೆ.

ಬೀಲ್ ಮೇಲಿನ ಪದರ

ನಿಂತ ನೀರಿನಲ್ಲಿ ಸೊಳ್ಳೆ ಆಗದಿರಲಿ ಅಂತ ಹಿಂದೆಲ್ಲ ಒಂದಿಷ್ಟು ಸೀಮೆಎಣ್ಣೆ ಬಿಡುತ್ತಿದ್ದರು. ಒಂದು ಚಮಚ ಬಿಟ್ಟರೆ ಸಾಕು, ಪೂರ್ತಿ ಹೊಂಡಕ್ಕೆ ಹರಡಿಬಿಡುತ್ತದೆ. ಕಾಮನಬಿಲ್ಲಿನ ಬಣ್ಣದ ತೆಳು ಪದರ. ಸೊಳ್ಳೆಮರಿ ಉಸಿರಾಡಲು ಮೇಲೆ ಬಂದಾಗ ಆ ಪದರಕ್ಕೆ ಸಿಕ್ಕಿ ಸಾಯುತ್ತದೆ. ಮಾಗುರಿ ಬೀಲ್‌ನಲ್ಲಿ ಆದದ್ದು ಅದೇ, ಅಳತೆ ಮಾತ್ರ ಬೇರೆ.

ಮೇಲೆ ಎಣ್ಣೆ ಪದರ ಕಟ್ಟಿದರೆ ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದು ಕಷ್ಟ. ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ತಜ್ಞರು ಬಂದು ನೋಡಿದಾಗ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದಿತ್ತು. ಜೊತೆಗೆ ಪಿಎಎಚ್ (ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್) ಅಂತ ಕರೆಯುವ ಸಂಯುಕ್ತಗಳು ಸಿಕ್ಕವು. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಇವು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ತಳದ ಕೆಸರಿಗೆ ಅಂಟಿ ಕೂರುತ್ತವೆ. ಬಹಳ ಕಾಲ ಉಳಿಯುತ್ತವೆ. ಆ ಸಂಸ್ಥೆಯ ವರದಿ ಒತ್ತಿ ಹೇಳಿದ್ದೂ ಇದನ್ನೇ.

ಸತ್ತ ಮೀನುಗಳು ತೇಲಿದವು. ಹಕ್ಕಿಗಳು ಸತ್ತವು. ಬಾವಿ ಸಿಡಿದ ಒಂದೆರಡು ದಿನಕ್ಕೇ ಒಂದು ಡಾಲ್ಫಿನ್ ಸತ್ತು ಸಿಕ್ಕಿತು. ಗಂಗಾ ಡಾಲ್ಫಿನ್ ನಮ್ಮ ರಾಷ್ಟ್ರೀಯ ಜಲಚರ. ಅದು ಮೀನಲ್ಲ, ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಒಂದೆರಡು ನಿಮಿಷಕ್ಕೊಮ್ಮೆ ತಲೆ ಮೇಲೆತ್ತಲೇಬೇಕು. ನೀರು ಕೆಟ್ಟಿದೆ ಅಂತ ಗಾಳಿಗೆ ಬಂದರೆ, ಉಸಿರೆಳೆಯುವ ಜಾಗದಲ್ಲೇ ಎಣ್ಣೆಯ ಪದರ, ಅದರ ಮೇಲೆ ಅದರದೇ ಆವಿ. ಊರಿನ ಗಾಳಿ ಬೇರೆ, ಕೆರೆಯ ನೀರು ಬೇರೆ ಅಂತ ನಾವು ಇಲಾಖೆಗಳ ಹಾಗೆ ವಿಂಗಡಿಸಿ ನೋಡುತ್ತೇವೆ. ಡಾಲ್ಫಿನ್‌ಗೆ ಆ ಸೌಕರ್ಯ ಇಲ್ಲ.

ಜೂನ್ 9

ಬಾವಿಯನ್ನು ಹತೋಟಿಗೆ ತರಲು ಸಿಂಗಾಪುರದ ಅಲರ್ಟ್ ಡಿಸಾಸ್ಟರ್ ಕಂಟ್ರೋಲ್ ಅನ್ನುವ ಕಂಪನಿಯ ತಜ್ಞರು ಬಂದಿಳಿದಿದ್ದರು. ಜಾಗ ತೆರವು ಮಾಡುವ ಕೆಲಸ ನಡೆದಿತ್ತು. ಮಧ್ಯಾಹ್ನ ಒಂದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಬಾವಿಗೆ ಬೆಂಕಿ ಹತ್ತಿತು. ಆಯಿಲ್ ಇಂಡಿಯಾದ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಕಾಣೆಯಾದರು. ಮಾರನೇ ದಿನ ಪಕ್ಕದ ನೀರಿನಲ್ಲಿ ಅವರ ಶವ ಸಿಕ್ಕವು.

ಹತ್ತಿರದ ಮನೆಗಳು ಸುಟ್ಟು ಬೂದಿಯಾದವು. 13 ದಿನ ಎಣ್ಣೆ ಕುಡಿದಿದ್ದ ಹುಲ್ಲು, ಬಿದಿರು, ಅಡಿಕೆ ತೋಟ. ಹತ್ತಿಕೊಳ್ಳಲು ತಡವಾಗುತ್ತದೆಯೇ? ಬೆಂಕಿ ಬಾವಿಯ ಸುತ್ತಲೇ ನಿಲ್ಲದೆ ಬೀಲ್ ಅಂಚಿನ ಹುಲ್ಲುಗಾವಲಿಗೂ ಹರಡಿತು. ಹೊಗೆಯ ಕಂಬ ಹಲವು ಕಿಲೋಮೀಟರ್ ದೂರಕ್ಕೆ ಕಾಣುತ್ತಿತ್ತು.

ಇಲ್ಲೊಂದು ವಿಚಿತ್ರ ಇದೆ. ಗಾಳಿಯ ಲೆಕ್ಕದಲ್ಲಿ ನೋಡಿದರೆ ಬೆಂಕಿ ಹತ್ತಿದ್ದು ಒಂದು ತೊಂದರೆಯನ್ನು ಕಮ್ಮಿ ಮಾಡಿ ಇನ್ನೊಂದನ್ನು ಹೆಚ್ಚಿಸಿತು. ಹಸಿ ಅನಿಲ, ಹಸಿ ಕಂಡೆನ್ಸೇಟ್ ಊರ ಮೇಲೆ ಬೀಳೋ ಬದಲು ಅದರ ಬಹುಪಾಲು ಉರಿದುಹೋಗತೊಡಗಿತು. ಅನಿಲ ಕಂಪನಿಗಳು ಬೇಡದ ಅನಿಲವನ್ನು ಚಿಮಣಿಯಲ್ಲಿ ಉರಿಸಿಬಿಡೋದು ಇದೇ ಕಾರಣಕ್ಕೆ, ಹಾಗೇ ಬಿಡೋದಕ್ಕಿಂತ ಸುಡೋದು ವಾಸಿ ಅಂತ. ಆದರೆ ಚಿಮಣಿಯ ಉರಿ ಅಳತೆಯದು. ಬಾಘ್‌ಜಾನ್ ಉರಿಗೆ ಅಳತೆ ಎಲ್ಲಿಂದ ಬರಬೇಕು? ಬೇಕಾದಷ್ಟು ಗಾಳಿ ಸೇರದೆ ಎಣ್ಣೆ ಹನಿಗಳು ಅರ್ಧಂಬರ್ಧ ಉರಿದಾಗ ಮಸಿ ಹುಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಮತ್ತಷ್ಟು ಪಿಎಎಚ್ ಹುಟ್ಟುತ್ತದೆ. ಮಸಿಯ ಕಣ ಎಷ್ಟು ಸಣ್ಣದು ಅಂದರೆ ಮೂಗಿನ ಕೂದಲು, ಗಂಟಲಿನ ಲೋಳೆ ಯಾವುದೂ ಅದನ್ನು ತಡೆಯಲಾರದು. ನೇರ ಶ್ವಾಸಕೋಶದ ತುದಿಗೆ ಹೋಗಿ ಕೂರುತ್ತದೆ, ಮೈಮೇಲೆ ಆ ಪಿಎಎಚ್‌ಗಳನ್ನೂ ಹೊತ್ತುಕೊಂಡು. ಪಿಎಂ 2.5 ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಇವು ಅದೇ ಗುಂಪಿನವು. ದಿನದ ಸರಾಸರಿಗೆ ನಮ್ಮಲ್ಲಿ ಮಿತಿ 60 ಮೈಕ್ರೋಗ್ರಾಂ.

ಹೊಗೆಗೆ ಎಲ್ಲರೂ ಹೆದರುತ್ತಾರೆ, ಹೆದರಬೇಕು ಕೂಡ. ಆದರೆ ಕಪ್ಪು ಹೊಗೆಗೆ ಒಂದು ಪ್ರಾಮಾಣಿಕತೆ ಇದೆ. ಅದು ಕಾಣುತ್ತದೆ. ಟಿವಿಯವರನ್ನು ಕರೆಸುತ್ತದೆ, ಮಂತ್ರಿಗಳನ್ನು ಕರೆಸುತ್ತದೆ. ಅದಕ್ಕೂ ಹಿಂದಿನ ಬಣ್ಣವಿಲ್ಲದ ಆವಿ ಅಷ್ಟು ಜನರನ್ನು ಕರೆಸಲಿಲ್ಲ.

ಸದ್ದು, ನಡುಕ, ನೀರು

ಬೆಂಕಿ ಮುಂದೆ ಐದು ತಿಂಗಳು ಉರಿಯಿತು.

ಐದು ತಿಂಗಳು ಅನ್ನೋದನ್ನು ಓದಿ ಮುಂದೆ ಹೋಗೋದು ಸುಲಭ. ಸದ್ದನ್ನೇ ತೆಗೆದುಕೊಳ್ಳಿ. ಜನ ವಾಸಿಸುವ ಜಾಗದಲ್ಲಿ ರಾತ್ರಿ 45 ಡೆಸಿಬಲ್ ಮೀರಬಾರದು ಅಂತ ಕೇಂದ್ರದ ನಿಯಮ ಇದೆ. ಹಗಲು 55. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದ ಹಾಗಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಇಲ್ಲಿ ಹಗಲು ರಾತ್ರಿ ಒಂದೇ ಗರ್ಜನೆ, ಕಿಲೋಮೀಟರ್‌ಗಟ್ಟಲೆ ದೂರಕ್ಕೆ. ಪಕ್ಕದವರ ಜೊತೆ ಮಾತಾಡಬೇಕಾದರೂ ಕೂಗಬೇಕು. ಮಲಗಿದರೆ ನೆಲ ಅದುರುತ್ತದೆ. ಗೋಡೆಗಳಲ್ಲಿ ಬಿರುಕು ಬಿಟ್ಟವು. ಸದ್ದು ಮನುಷ್ಯರನ್ನಷ್ಟೇ ಓಡಿಸಲಿಲ್ಲ. ಕೂಗಿನಿಂದಲೇ ಜೋಡಿ ಹುಡುಕುವ, ಗಡಿ ಕಾಯುವ ಹಕ್ಕಿಗಳಿಗೆ ಆ ಜೌಗಿನಲ್ಲಿ ತಮ್ಮ ಕೂಗು ತಮಗೇ ಕೇಳದ ಹಾಗಾಯಿತು. ಬೆಳಕಿನ ಕತೆಯೂ ಅದೇ. ಅಷ್ಟು ದೊಡ್ಡ ಜ್ವಾಲೆ ಇರುವಾಗ ರಾತ್ರಿ ಅನ್ನೋದೇ ಇರುವುದಿಲ್ಲ.

ಅಷ್ಟರಲ್ಲಿ ಪ್ರವಾಹ ಬಂತು. ಬ್ರಹ್ಮಪುತ್ರ ಬಯಲಿನಲ್ಲಿ ಜೂನ್, ಜುಲೈ ಅಂದರೆ ಪ್ರವಾಹವೇ. ರಸ್ತೆ, ಸೇತುವೆ ಕೆಟ್ಟು ಯಂತ್ರ ಸಾಗಿಸೋದು ನಿಂತಿತು. ನನಗೆ ಹೆಚ್ಚು ಕಾಡುವುದು ಇನ್ನೊಂದು ವಿಷಯ. ಪ್ರವಾಹದ ನೀರು ಹೊಲಕ್ಕೂ ಬೀಲ್‌ಗೂ ನದಿಗೂ ನಡುವಿನ ಗೆರೆ ಅಳಿಸಿಹಾಕುತ್ತದೆ. ಬಾವಿಯ ಸುತ್ತ ಬಿದ್ದದ್ದು ಅಲ್ಲೇ ಉಳಿಯಲಿಲ್ಲ. ಎಲ್ಲಿಗೆ ಎಷ್ಟು ಹೋಯಿತು ಅಂತ ಆಮೇಲೆ ಗೆರೆ ಎಳೆದು ತೋರಿಸಲು ಆಗುವಂಥದ್ದಲ್ಲ ಅದು.

ಬೆಂಕಿ ಆರಿಸಿದ ಕತೆ ಎಂಜಿನಿಯರುಗಳಿಗೆ ಪಾಠ. ನಾನು ಬೇಗ ಹೇಳಿ ಮುಗಿಸುತ್ತೇನೆ. ಉರಿಯುವ ಅನಿಲ ಬಾವಿಯನ್ನು ನೀರು ಹೊಯ್ದು ಆರಿಸುವುದಿಲ್ಲ. ಆರಿಸಿದರೆ ಮತ್ತೆ ಹಸಿ ಅನಿಲ ಊರಿಗೆ ನುಗ್ಗುತ್ತದೆ. ನೀರು ಬೇಕಾದದ್ದು ಹತ್ತಿರ ಹೋಗುವವರ ಮೇಲೆ ಕೊಡೆಯ ಹಾಗೆ ಚಿಮ್ಮಿಸಲು. ಸುಟ್ಟು ಬಿದ್ದ ರಿಗ್ಗಿನ, ಅಂದರೆ ಬಾವಿಯ ಮೇಲೆ ನಿಲ್ಲಿಸಿದ್ದ ಯಂತ್ರಗೋಪುರದ, ಉಕ್ಕನ್ನು ಎಳೆದು ತೆಗೆದರು. ಉದ್ದ ತೋಳಿನ ಗಾಡಿಯ ತುದಿಗೆ ಹೊಸ ಬಿಒಪಿ ಕಟ್ಟಿ ಆಗಸ್ಟ್ ಮಧ್ಯದಲ್ಲಿ ಬಾವಿಯ ಬಾಯಿಗೆ ಕೂರಿಸಿದರು. ಎಲ್ಲ ಮುಗಿಯಿತು ಅಂದುಕೊಂಡರೆ ಬಾವಿಯ ಕೊಳವೆಯ ಭಾಗ ಒತ್ತಡ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಹೊಂಡಗಳಲ್ಲಿ ಉರಿಸತೊಡಗಿದರು. ಒತ್ತಡ ಇರುವಾಗಲೇ ಬಾವಿಯೊಳಕ್ಕೆ ಕೊಳವೆ ಇಳಿಸುವ 'ಸ್ನಬ್ಬಿಂಗ್' ಯಂತ್ರ ಕೆನಡಾದಿಂದ ದೊಡ್ಡ ಸರಕು ವಿಮಾನದಲ್ಲಿ ಕೋಲ್ಕತ್ತಾಗೆ ಬಂದು, ಅಲ್ಲಿಂದ ರಸ್ತೆಯಲ್ಲಿ ಬಾಘ್‌ಜಾನ್ ಸೇರಿತು. ನವೆಂಬರ್ 15ರಂದು ಬಾವಿಯನ್ನು ಪೂರ್ತಿ ಕೊಂದರು. ಸಿಡಿದ ದಿನದಿಂದ ಲೆಕ್ಕ ಹಾಕಿದರೆ 173ನೇ ದಿನ. ಈ ನಡುವೆ ಸೆಪ್ಟೆಂಬರ್‌ನಲ್ಲಿ ಕಂಪನಿಯ ಒಬ್ಬ ಯುವ ಎಂಜಿನಿಯರ್ ಕೆಲಸದ ಜಾಗದಲ್ಲಿ ವಿದ್ಯುತ್ ತಗುಲಿ ತೀರಿಕೊಂಡಿದ್ದರು. ಸತ್ತವರು ಮೂವರಾದರು.

ಹೋಲಿಕೆಗೆ ಒಂದು ಮಾತು. 1995ರ ಜನವರಿಯಲ್ಲಿ ಆಂಧ್ರದ ಗೋದಾವರಿ ಸೀಮೆಯ ಪಾಸರ್ಲಪೂಡಿಯಲ್ಲಿ ಒಎನ್‌ಜಿಸಿ ಬಾವಿ ಹೀಗೇ ಸಿಡಿದು 65 ದಿನ ಉರಿದಿತ್ತು. 2005ರಲ್ಲಿ ಬಾಘ್‌ಜಾನ್‌ನಿಂದ ಬಹಳ ದೂರವೇನೂ ಅಲ್ಲದ ಡಿಕೋಮ್‌ನಲ್ಲಿ ಇದೇ ಆಯಿಲ್ ಇಂಡಿಯಾದ ಬಾವಿ ಹೊತ್ತಿ ಉರಿದಿತ್ತು. ಎರಡೂ ಸಲ ಆರಿಸಲು ಹೊರದೇಶದವರನ್ನೇ ಕರೆಸಬೇಕಾಗಿತ್ತು. 15 ವರ್ಷ ಆದ ಮೇಲೂ ಯಂತ್ರ ಸಮುದ್ರದಾಚೆಯಿಂದಲೇ ಬರಬೇಕಾಯಿತು. ಯಂತ್ರ ಬರುವ ತನಕ ಹೊಗೆ ಉಸಿರಾಡುವವರು ಮಾತ್ರ ಸ್ಥಳೀಯರು.

ಕಾಗದದ ಮೇಲೆ

ಈ ಭಾಗ ಬರೆಯುವಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಬಾವಿ ಸಿಡಿಯುವ ಎರಡು ವಾರ ಮುಂಚೆ, ಅದೇ ಮೇ ತಿಂಗಳಲ್ಲಿ, ಕೇಂದ್ರ ಪರಿಸರ ಸಚಿವಾಲಯ ಇದೇ ಕಂಪನಿಗೆ ಒಂದು ಅನುಮತಿ ಕೊಟ್ಟಿತ್ತು. ಡಿಬ್ರು-ಸೈಖೋವಾ ಉದ್ಯಾನದ ಹೊರಗೆ ನಿಂತು, ಓರೆಯಾಗಿ ಕೊರೆದು, ಉದ್ಯಾನದ ಅಡಿಯಿಂದ ಏಳು ಕಡೆ ತೈಲ, ಅನಿಲ ಹುಡುಕಲು. ಮೇಲಿನ ಕಾಡಿಗೆ ಕೈ ಹಚ್ಚುವುದಿಲ್ಲ, ಆದ್ದರಿಂದ ತೊಂದರೆ ಇಲ್ಲ ಅನ್ನುವ ವಾದ. ಬಾಘ್‌ಜಾನ್-5 ಕೂಡ ಉದ್ಯಾನದ ಹೊರಗೇ ಇತ್ತು.

ಜೂನ್ 19ರಂದು ಅಸ್ಸಾಂ ಮಾಲಿನ್ಯ ನಿಯಂತ್ರಣ ಮಂಡಳಿ ಬಾಘ್‌ಜಾನ್ ಕ್ಷೇತ್ರದ ಕೆಲಸವನ್ನೆಲ್ಲ ನಿಲ್ಲಿಸುವಂತೆ ನೋಟಿಸ್ ಕೊಟ್ಟಿತು. ಇರಬೇಕಾದ ಒಪ್ಪಿಗೆ ಪತ್ರಗಳಿಲ್ಲದೆ ಕೆಲಸ ನಡೆದಿದೆ ಅನ್ನುವ ಆರೋಪ. ವರ್ಷಗಟ್ಟಲೆ ಕಾಣದ ಲೋಪ ಬಾವಿ ಉರಿಯುವಾಗ ಕಂಡಿತು. ಅದಾದರೂ ನಿಂತಿತೇ? ಕೆಲವೇ ದಿನಗಳಲ್ಲಿ ನೋಟಿಸ್ ವಾಪಸಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಕೇಳಿದ್ದೇವೆ. ಇಲ್ಲಿ ಹಾಕಿದ ಬಾಗಿಲನ್ನೂ ಮತ್ತೆ ತೆಗೆದರು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಜೂನ್ ಕೊನೆಯಲ್ಲಿ ಕಂಪನಿಗೆ 25 ಕೋಟಿ ರೂಪಾಯಿ ಠೇವಣಿ ಇಡಲು ಹೇಳಿತು. ಗುವಾಹಟಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಬಿ.ಪಿ. ಕಟಕಿ ಅವರ ಸಮಿತಿ ನೇಮಿಸಿತು. ಪ್ರತಿ ಕುಟುಂಬಕ್ಕೆ ಮೊದಲಿಗೆ 30 ಸಾವಿರ ರೂಪಾಯಿ ಸಿಕ್ಕಿತು. ಆಮೇಲೆ ನಷ್ಟದ ತೂಕ ನೋಡಿ ವರ್ಗ ಮಾಡಿದರು. ಪೂರ್ತಿ ಸುಟ್ಟ ಮನೆಗೆ ಒಂದು ಮೊತ್ತ, ಭಾಗಶಃ ಹಾಳಾದದ್ದಕ್ಕೆ ಅದಕ್ಕಿಂತ ಎಷ್ಟೋ ಕಮ್ಮಿ ಇನ್ನೊಂದು. ಯಾರು ಯಾವ ವರ್ಗ ಅನ್ನುವ ಜಗಳ ಶುರುವಾಯಿತು. ಆಗದೇ ಇರುತ್ತದೆಯೇ? ಒಂದೇ ಬೇಲಿಯ ಈಚೆ ಆಚೆ ಇರುವವರು ಬೇರೆ ಬೇರೆ ವರ್ಗಕ್ಕೆ ಬೀಳುತ್ತಾರೆ.

ಈ ವರ್ಗಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮನೆ ಎಣಿಸಬಹುದು. ಅಡಿಕೆ ಮರ ಎಣಿಸಬಹುದು. ಸತ್ತ ಹಸುವಿಗೆ ಬೆಲೆ ಕಟ್ಟಬಹುದು. ಬೀಲ್‌ನಲ್ಲಿ ಮೀನು ಹಿಡಿದು ಬದುಕುವವನ ಹೆಸರಿನಲ್ಲಿ ಬೀಲ್ ಇರುವುದಿಲ್ಲ, ಆದ್ದರಿಂದ ಅವನ ನಷ್ಟಕ್ಕೆ ಪತ್ರ ಇಲ್ಲ. ಉಸಿರಾಟಕ್ಕಂತೂ ಪಹಣಿ ಇರುವುದೇ ಇಲ್ಲ. 13 ದಿನ ಬೆಂಜೀನ್ ಆವಿ ಕುಡಿದ ಮಗುವಿಗೆ 20 ವರ್ಷದ ಮೇಲೆ ಏನಾದರೂ ಆದರೆ ಅದು ಬಾಘ್‌ಜಾನ್ ಲೆಕ್ಕಕ್ಕೆ ಬರುತ್ತದೆಯೇ? ಇಂಥ ಘಟನೆ ಆದಾಗ ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಯಾರು, ಎಷ್ಟು ದೂರದಲ್ಲಿ, ಎಷ್ಟು ದಿನ ಇದ್ದರು ಅಂತ ಮನೆಮನೆಯ ಪಟ್ಟಿ ಬರೆಯೋದು. ರಕ್ತ ಪರೀಕ್ಷೆಗೂ ಮುಂಚೆ, ದೊಡ್ಡ ಯಂತ್ರಕ್ಕೂ ಮುಂಚೆ, ಒಂದು ನೋಟ್‌ಬುಕ್ಕು ಸಾಕು. ಜ್ವಾಲೆಯ ಎತ್ತರ ಅಳೆಯುವವರಿಗಿಂತ ಆ ಪಟ್ಟಿ ಬರೆಯುವವರು ಮುಖ್ಯ ಅಂತ ನಾನು ನಂಬುತ್ತೇನೆ.

2021ರ ಫೆಬ್ರವರಿಯಲ್ಲಿ ಹಸಿರು ನ್ಯಾಯಮಂಡಳಿ ಮುಂದಿನ ಕೆಲಸಕ್ಕೆ ಹೊಸ ಸಮಿತಿಗಳನ್ನು ಮಾಡಿತು. ಹಾನಿಯನ್ನು ಅಂದಾಜು ಮಾಡಬೇಕಾದ ಸಮಿತಿಯಲ್ಲಿ ಆಯಿಲ್ ಇಂಡಿಯಾದ ವ್ಯವಸ್ಥಾಪಕ ನಿರ್ದೇಶಕರಿಗೂ ಜಾಗ ಕೊಟ್ಟಿತ್ತು. ಹೌದು, ನೀವು ಸರಿಯಾಗೇ ಓದಿದಿರಿ. ಸುಪ್ರೀಂ ಕೋರ್ಟ್ ಆ ವರ್ಷ ಇದನ್ನು ತಡೆದು, ಜೌಗಿನ ಹಾನಿ ನೋಡುವ ಕೆಲಸವನ್ನು ಮತ್ತೆ ನ್ಯಾಯಮೂರ್ತಿ ಕಟಕಿ ಅವರ ನೇತೃತ್ವದ ಸಮಿತಿಗೇ ಒಪ್ಪಿಸಿತು.

ಅದೇ 2021ರ ಫೆಬ್ರವರಿಯಲ್ಲಿ ಮಾಗುರಿ ಬೀಲ್‌ನಲ್ಲಿ ಇನ್ನೊಂದು ಸುದ್ದಿ. ಒಂದು ಮ್ಯಾಂಡರಿನ್ ಬಾತುಕೋಳಿ ಬಂದಿಳಿದಿತ್ತು. ಕಿತ್ತಳೆ, ನೇರಳೆ, ಹಸಿರು, ಬಿಳಿ, ಯಾರೋ ಮಗು ಕೈಗೆ ಸಿಕ್ಕ ಬಣ್ಣವನ್ನೆಲ್ಲ ಹಚ್ಚಿದ ಹಾಗಿರುವ ಹಕ್ಕಿ. ಪೂರ್ವ ಏಷ್ಯಾದ್ದು, ಈ ಕಡೆ ಬರೋದೇ ಅಪರೂಪ. ಆ ಭಾಗದಲ್ಲಿ ಹಿಂದೆ ದಾಖಲಾದದ್ದು 1902ರಲ್ಲಿ, 118 ವರ್ಷದ ಹಿಂದೆ ಅಂತ ಪೇಪರುಗಳು ಬರೆದವು. ಕ್ಯಾಮೆರಾ ಹೊತ್ತ ಜನ ಮತ್ತೆ ಬಂದರು. ಜೌಗು ಚೇತರಿಸಿಕೊಂಡಿದೆ ನೋಡಿ ಅಂತ ಕೆಲವರು ಅಂದರು.

ಒಂದು ಬಾತು ಕೆರೆಯ ತಳ ಪರೀಕ್ಷಿಸಿ ಇಳಿಯುವುದಿಲ್ಲ. ಅದು ನೋಡುವುದು ಮೇಲಿನ ನೀರನ್ನು. ಆ ಹೊತ್ತಿಗೆ ಮೇಲಿನ ಪದರ ಗಾಳಿಗೆ ಹಾರಿ, ಪ್ರವಾಹಕ್ಕೆ ಕೊಚ್ಚಿ, ಕಾಣದಾಗಿರುತ್ತದೆ. ಜೌಗಿನಲ್ಲಿ ದೋಣಿಯನ್ನು ಉದ್ದ ಕೋಲು ಊರಿ ತಳ್ಳುತ್ತಾರೆ. ಎಣ್ಣೆ ಕುಡಿದ ಕೆಸರಿಗೆ ಕೋಲು ಚುಚ್ಚಿ ಎಳೆದರೆ ತಳದಿಂದ ಗುಳ್ಳೆ ಏಳುತ್ತದೆ. ಅದು ಒಡೆದ ಜಾಗದಲ್ಲಿ ಕಾಸಿನಗಲ ಕಾಮನಬಿಲ್ಲು ಹರಡಿ, ದೋಣಿ ಮುಂದೆ ಹೋಗುವಷ್ಟರಲ್ಲಿ ಮಾಯವಾಗುತ್ತದೆ.